ಜಿಪುಣ ಎಂದು ಬರೆದುಬಿಟ್ಟೆ: ‘ಫ್ರೂಗಲ್’ ಪದದ ಬಗ್ಗೆ ಆಡಿದ ಮಾತು

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡುತ್ತೇನೆ. ಫ್ರೂಗಲ್ (frugal). ಏನನ್ನೂ ಹಾಳು ಮಾಡದೆ ಹಿಡಿತದಲ್ಲಿ ಬದುಕುವ ಎಂದು ಸ್ಥೂಲವಾಗಿ ಅರ್ಥ. ಈ ಪದದ ಜೊತೆ ನನ್ನದೊಂದು ಹಳೇ ಬಾಕಿ ಇದೆ, ಅದನ್ನು ಹೇಳಿಯೇ ಶುರು ಮಾಡಬೇಕು.

ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ತೀರಿಹೋದ ತನ್ನ ತಂದೆಯ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದು ನನ್ನ ಕೈಗೆ ಕೊಟ್ಟರು. ಮನೆಯವರೆಲ್ಲ ಸೇರಿ ನೆನಪಿಗೆಂದು ಒಂದು ಪುಟ್ಟ ಪುಸ್ತಕ ತರುತ್ತಿದ್ದರು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಅವರೂ ಓದುವ ಹಾಗೆ ಕನ್ನಡ ಮಾಡಿಕೊಡಿ ಎಂದರು. ಆ ಬರಹದಲ್ಲಿ ಒಂದು ವಾಕ್ಯ ಇತ್ತು. ಅಪ್ಪ ಫ್ರೂಗಲ್ ಮನುಷ್ಯ, ಮತ್ತು ತುಂಬಾ ಧಾರಾಳಿ ಎಂದು. ನಾನು ಜಾಸ್ತಿ ಯೋಚಿಸಲಿಲ್ಲ. ‘ಅಪ್ಪ ಜಿಪುಣರು, ಆದರೂ ಕೊಡುಗೈ’ ಎಂದು ಬರೆದು ಮುಂದಿನ ಸಾಲಿಗೆ ಹೋದೆ.

ಎರಡು ದಿನ ಬಿಟ್ಟು ಆಕೆಯ ಫೋನು. “ಸರ್, ಅಮ್ಮ ಓದಿದ್ರು. ಆ ಒಂದು ಸಾಲು ಬಂದ ತಕ್ಷಣ ಹಾಳೆ ಮಡಚಿಟ್ಟು ಒಳಗೆ ಹೋಗ್ಬಿಟ್ರು. ಅಪ್ಪನ್ನ ನಾನೇ ಜಿಪುಣ ಅಂತ ಬರ್ದಿದೀನಿ ಅಂದ್ಕೊಂಡಿದಾರೆ.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಕ್ಷಮಿಸಿ, ಸರಿ ಮಾಡಿಕೊಡುತ್ತೇನೆ ಎಂದೆ. ಆಮೇಲೆ ಮೂಲವನ್ನು ತೆಗೆದು ಮತ್ತೆ ಓದಿದಾಗ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು, ಅದು ಮೊದಲಿನದಕ್ಕಿಂತ ದೊಡ್ಡದು. ಆಕೆ ಬರೆದಿದ್ದು ‘ಮತ್ತು’. ನಾನು ಅದನ್ನು ‘ಆದರೂ’ ಮಾಡಿದ್ದೆ. ಅವರ ಮಟ್ಟಿಗೆ ಅಪ್ಪ ಫ್ರೂಗಲ್ ಆಗಿದ್ದಕ್ಕೂ ಧಾರಾಳಿ ಆಗಿದ್ದಕ್ಕೂ ಜಗಳವೇ ಇರಲಿಲ್ಲ. ಎರಡೂ ಪಕ್ಕಪಕ್ಕ ಕೂತಿದ್ದವು. ಜಿಪುಣ ಎಂಬ ಪದ ಒಮ್ಮೆ ಕೈಗೆ ಬಂದಮೇಲೆ ‘ಆದರೂ’ ತಾನಾಗಿಯೇ ಬಂತು, ಯಾಕೆಂದರೆ ಕನ್ನಡದಲ್ಲಿ ಜಿಪುಣ ಧಾರಾಳಿ ಆಗಲು ಸಾಧ್ಯವೇ ಇಲ್ಲ. ಎಂಜಲು ಕೈಲಿ ಕಾಗೆ ಓಡಿಸದವನು ಅವನು. ಒಂದು ಪದ ತಪ್ಪಿದರೆ ಅದು ಅಕ್ಕಪಕ್ಕದ ಪದಗಳನ್ನೂ ಹೀಗೆ ಕೆಡಿಸುತ್ತದೆ.

ಅವತ್ತಿನಿಂದ ಈ ಪದದ ಬೆನ್ನು ಹತ್ತಿದೆ. ಗೊತ್ತಾದದ್ದನ್ನು ಹೇಳುತ್ತೇನೆ.

ಮೊದಲು ಉಚ್ಚಾರಣೆ, ಒಂದೇ ಮಾತಲ್ಲಿ. ‘ಫ್ರೂ’ ದೀರ್ಘ, ಒತ್ತು ಅಲ್ಲೇ ಬೀಳುತ್ತದೆ, ‘ಗ’ ನಮ್ಮ ಗಣಪತಿಯ ಗ. ಫ್ರೂಜಲ್ ಅಲ್ಲ. ನಾಮಪದ ಫ್ರೂಗ್ಯಾಲಿಟಿ, ಕ್ರಿಯಾವಿಶೇಷಣ ಫ್ರೂಗಲಿ.

ಪದ ಪ್ರಾಚೀನ ರೋಮನ್ನರ ಭಾಷೆಯಾದ ಲ್ಯಾಟಿನ್ನಿಂದ ಬಂದಿದೆ. ಅಲ್ಲಿ ‘ಫ್ರೂಕ್ಸ್’ ಅಂದರೆ ಫಲ, ಬೆಳೆ. ಬಹುವಚನದಲ್ಲಿ ‘ಫ್ರೂಗೇಸ್’, ಅಂದರೆ ಹೊಲದಿಂದ ಮನೆಗೆ ಬರುವ ದವಸಧಾನ್ಯ. ನಮಗೆಲ್ಲ ಗೊತ್ತಿರುವ ಫ್ರೂಟ್ ಕೂಡ ಇದೇ ಬೇರಿನದು. ಅನುಭವಿಸು, ಬಳಸಿ ಸುಖಪಡು ಎನ್ನುವ ಅರ್ಥದ ಲ್ಯಾಟಿನ್ ಕ್ರಿಯಾಪದವೂ ಇದೇ ಮನೆತನದ್ದು. ಜರ್ಮನ್ ಭಾಷೆಯಲ್ಲಿ ‘ಬೇಕು’, ‘ಬಳಸು’ ಅನ್ನುವುದಕ್ಕೆ ‘ಬ್ರೌಖೆನ್’ ಎನ್ನುತ್ತಾರಲ್ಲ, ಅದು ದೂರದ ದಾಯಾದಿ. ಇಷ್ಟು ಬೇರು ಅಗೆದರೂ ಮುಚ್ಚಿದ ಮುಷ್ಟಿ ಎಲ್ಲೂ ಸಿಗುವುದಿಲ್ಲ. ಸಿಗುವುದೆಲ್ಲ ಫಲ, ಬಳಕೆ, ಅನುಭವ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಕನ್ನಡದವರಿಗೆ ಥಟ್ಟನೆ ಹೊಳೆಯುವ ವಿಷಯ ಒಂದಿದೆ. ಫ್ರೂಕ್ಸ್ ಪದಕ್ಕೆ ಚತುರ್ಥಿ ವಿಭಕ್ತಿ ಹಚ್ಚಿದರೆ ‘ಫ್ರೂಗಿ’ ಆಗುತ್ತದೆ. ಚತುರ್ಥಿ ಅಂದರೆ ನಮ್ಮ ‘ಗೆ’, ‘ಕ್ಕೆ’. ಹಾಗಾಗಿ ಫ್ರೂಗಿ ಅಂದರೆ ‘ಫಲಕ್ಕೆ’, ‘ಉಪಯೋಗಕ್ಕೆ’. ರೋಮನ್ನರು ಒಬ್ಬ ಮನುಷ್ಯನನ್ನು ‘ಹೋಮೋ ಫ್ರೂಗಿ’ ಎಂದರೆ ಅದು ಹೊಗಳಿಕೆ. ನೆಚ್ಚಬಹುದಾದ, ಪ್ರಯೋಜನಕ್ಕೆ ಬರುವ ಮನುಷ್ಯ ಎಂದರ್ಥ. ನಾವೂ ಹೀಗೇ ಹೇಳುತ್ತೇವೆ ಅಲ್ವಾ? ‘ಆ ಹುಡುಗ ಕೆಲಸಕ್ಕೆ ಬರ್ತಾನೆ ಕಣ್ರೀ’ ಅಂತ. ಅದೇ ‘ಕ್ಕೆ’. ಎರಡು ಸಾವಿರ ವರ್ಷದ ಹಿಂದಿನ ರೋಮಿನವನೂ ಇವತ್ತು ಕನ್ನಡ ಆಡುವವನೂ ಒಬ್ಬ ಒಳ್ಳೆಯ ಆಳನ್ನು ಹೊಗಳಲು ಒಂದೇ ವಿಭಕ್ತಿಗೆ ಕೈ ಹಾಕಿದ್ದಾರೆ. ಇದು ಕಂಡ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಈ ಫ್ರೂಗಿಯಿಂದಲೇ ಫ್ರೂಗಾಲಿಸ್, ಅದರಿಂದ 16ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನ ಫ್ರೂಗಲ್.

ರೋಮಿನಲ್ಲಿ ಪೀಸೋ ಎಂಬ ರಾಜಕಾರಣಿಯೊಬ್ಬನ ಹೆಸರಿಗೇ ಫ್ರೂಗಿ ಅಂಟಿಕೊಂಡಿತ್ತು. ಪೂರ್ತಿ ಹೆಸರು ಲೂಸಿಯಸ್ ಕಲ್ಪೂರ್ನಿಯಸ್ ಪೀಸೋ ಫ್ರೂಗಿ. ಕ್ರಿ.ಪೂ. 133ರಲ್ಲಿ ಕಾನ್ಸುಲ್, ಅಂದರೆ ರೋಮಿನ ಅತಿ ದೊಡ್ಡ ಅಧಿಕಾರಿ, ಆಗಿದ್ದವನು. ಅದಕ್ಕೂ ಮೊದಲು, ಕ್ರಿ.ಪೂ. 149ರಲ್ಲಿ, ಪ್ರಾಂತಗಳಿಗೆ ಅಧಿಕಾರಿಗಳಾಗಿ ಹೋಗಿ ಅಲ್ಲಿನ ಜನರನ್ನು ಸುಲಿಯುತ್ತಿದ್ದವರನ್ನು ವಿಚಾರಣೆ ಮಾಡಲು ಒಂದು ಕಾಯಂ ನ್ಯಾಯಮಂಡಳಿ ಇರಬೇಕೆಂದು ಕಾನೂನು ತಂದವನು. ಜನ ಅವನನ್ನು ಫ್ರೂಗಿ ಅಂದದ್ದು ಕಾಸು ಕೂಡಿಟ್ಟ ಎಂದಲ್ಲ, ಕೈ ಶುದ್ಧ ಇಟ್ಟುಕೊಂಡ ಎಂದು. ರೋಮಿನ ವಾಗ್ಮಿ, ಲೇಖಕ ಸಿಸಿರೋ ಕ್ರಿ.ಪೂ. 45ರಲ್ಲಿ ಬರೆಯುವಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಧೈರ್ಯ, ನ್ಯಾಯ, ವಿವೇಕ ಈ ಮೂರೂ ಗುಣಗಳು ಫ್ರೂಗಾಲಿಟಾಸ್, ಅಂದರೆ ಫ್ರೂಗಿ ಆಗಿರುವ ಗುಣ, ಎನ್ನುವ ಒಂದರೊಳಗೆ ಅಡಗಿವೆ ಎನ್ನುತ್ತಾನೆ. ಇಷ್ಟು ದೊಡ್ಡ ಪದ ಅದು. ಬರಬರುತ್ತಾ ದುಡ್ಡಿನ ಲೆಕ್ಕಕ್ಕೆ ಇಳಿದಿದೆ.

ಇನ್ನು ಅಕ್ಕಪಕ್ಕದ ಪದಗಳು. ಡಿಕ್ಷನರಿಯಲ್ಲಿ ಇವೆಲ್ಲ ಒಂದೇ ಗುಂಪಾಗಿ ಸಿಗುವುದರಿಂದಲೇ ಮೋಸ ಹೋಗುತ್ತೇವೆ.

ಥ್ರಿಫ್ಟಿ ಫ್ರೂಗಲ್‌ಗೆ ತೀರಾ ಹತ್ತಿರದ ಪದ. ಆದರೆ ಅದರ ಬೇರು ಥ್ರೈವ್, ಅಂದರೆ ಏಳಿಗೆಯಾಗು, ಸೊಂಪಾಗಿ ಬೆಳೆ. ಥ್ರಿಫ್ಟ್ ಅನ್ನುವುದಕ್ಕೆ ಮೊದಲಿಗೆ ಏಳಿಗೆ, ಸಂಪತ್ತು ಎಂದೇ ಅರ್ಥ ಇತ್ತು. ಬಂಡೆಗಳ ಸಂದಿಯಲ್ಲಿ, ಸತ್ವ ಇಲ್ಲದ ಕಡಲ ದಂಡೆಯಲ್ಲಿ ಬೆಳೆದು ಗುಲಾಬಿ ಬಣ್ಣದ ಹೂ ಬಿಡುವ ಒಂದು ಗಿಡಕ್ಕೂ ಇಂಗ್ಲಿಷಿನಲ್ಲಿ ಥ್ರಿಫ್ಟ್ ಎಂದೇ ಹೆಸರು. ಬ್ರಿಟನ್ನಿನಲ್ಲಿ 1937ರಿಂದ 1952ರವರೆಗೆ ಟಂಕಿಸಿದ ಹನ್ನೆರಡು ಮೂಲೆಯ ಮೂರು ಪೆನ್ನಿ ನಾಣ್ಯದ ಮೇಲೆ ಆ ಗಿಡದ ಚಿತ್ರ ಇತ್ತು. ಪುಟ್ಟ ನಾಣ್ಯದ ಮೇಲೆ ಥ್ರಿಫ್ಟ್! ಥ್ರಿಫ್ಟಿನ ಆ ಹಳೇ ಅರ್ಥ ಗೊತ್ತಾದರೆ ಸ್ಪೆಂಡ್‌ಥ್ರಿಫ್ಟ್ ಎಂಬ ಪದದ ಗೊಂದಲವೂ ಬಗೆಹರಿಯುತ್ತದೆ. ಥ್ರಿಫ್ಟ್ ಅಂತ ಒಳಗಿದ್ದೂ ಅದು ದುಂದುಗಾರ ಯಾಕಾಯಿತು ಎಂದು ಎಷ್ಟೋ ವಿದ್ಯಾರ್ಥಿಗಳು ಕೇಳಿದ್ದಾರೆ, ಪರೀಕ್ಷೆಯಲ್ಲಿ ಉಲ್ಟಾ ಬರೆದೂ ಬಂದಿದ್ದಾರೆ. ಕೂಡಿಟ್ಟ ಸಂಪತ್ತನ್ನು, ಆ ಹಳೇ ಅರ್ಥದ ಥ್ರಿಫ್ಟನ್ನು, ಸ್ಪೆಂಡ್ ಮಾಡಿ ಮುಗಿಸುವವನು ಅವನು. ಅಷ್ಟೇ.

ಎಕನಾಮಿಕಲ್ ಪದವನ್ನು ವಸ್ತುವಿಗೂ, ಕೆಲಸ ಮಾಡುವ ರೀತಿಗೂ ಬಳಸಬಹುದು. ಕಡಿಮೆಯಲ್ಲಿ ಜಾಸ್ತಿ ಕೆಲಸ ಆಗುವುದು ಅದರ ಅರ್ಥ. ಎಕನಾಮಿಕ್ ಬೇರೆ, ಅದು ಅರ್ಥವ್ಯವಸ್ಥೆಗೆ ಸಂಬಂಧಿಸಿದ್ದು. ಸ್ಟಿಂಜಿ, ಮೈಸರ್ಲಿ ಎರಡೂ ಜಿಪುಣ ಎನ್ನುವ ಬೈಗುಳವೇ. ಮನುಷ್ಯನನ್ನು ಚೀಪ್ ಅಂದರೂ ಬೈಗುಳವೇ, ಅದೇ ಪದ ಸಾಮಾನಿಗೆ ಅಂದರೆ ಅಗ್ಗ ಎಂದಷ್ಟೇ. ಪಾರ್ಸಿಮೋನಿಯಸ್ ಸ್ವಲ್ಪ ಪುಸ್ತಕದ ಪದ, ಇವತ್ತು ಹೆಚ್ಚಾಗಿ ಜಿಪುಣನ ಕಡೆಗೇ ವಾಲುತ್ತದೆ.

ಮೈಸರ್, ಅಂದರೆ ಜಿಪುಣ, ಈ ಪದದ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಜಿಪುಣ ಎಂಬ ಅರ್ಥವೇ ಇಲ್ಲ. ಪಾಪದವನು, ದುಃಖಿ, ದೀನ ಎಂದು ಅರ್ಥ. ಮಿಸರಿ, ಮಿಸರಬಲ್ ಎಲ್ಲ ಅಲ್ಲಿಂದಲೇ ಬಂದವು. ಇದ್ದೂ ಅನುಭವಿಸಲಾರದೆ ಒದ್ದಾಡುವವನು ಎಂಬ ದಾರಿಯಲ್ಲಿ ಅದು ಜಿಪುಣನಿಗೆ ಬಂದು ನಿಂತಿತು. ಈಗ ನಮ್ಮ ಕಡೆ ನೋಡಿ. ಜಿಪುಣನಿಗೆ ಸಂಸ್ಕೃತದಿಂದ ಬಂದ ಪದ ಕೃಪಣ. ಅದರಿಂದ ಕಾರ್ಪಣ್ಯ. ನಾವು ದಿನಾ ‘ಕಷ್ಟ ಕಾರ್ಪಣ್ಯ’ ಅನ್ನುತ್ತೇವೆ. ಅಲ್ಲಿ ಕಾರ್ಪಣ್ಯ ಅಂದರೆ ಜಿಪುಣತನವಾ? ಅಲ್ಲ. ದೈನ್ಯ, ಸಂಕಟ. ಕೃಪಣ ಪದಕ್ಕೂ ಮೂಲದಲ್ಲಿ ದೀನ, ಮರುಕಪಡಬೇಕಾದವನು ಎಂಬ ಅರ್ಥವಿತ್ತು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಬೇರುಗಳು ಒಂದೇ ದಾರಿ ನಡೆದಿವೆ. ಎರಡೂ ಕಡೆ ಜನ ಜಿಪುಣನನ್ನು ನೋಡಿ ಅಯ್ಯೋ ಪಾಪ ಎಂದಿದ್ದಾರೆ. ಫ್ರೂಗಲ್ ಮನುಷ್ಯನನ್ನು ನೋಡಿ ಯಾರೂ ಅಯ್ಯೋ ಪಾಪ ಅಂದಿಲ್ಲ. ಒಬ್ಬನ ಹೆಸರು ದುಃಖದಿಂದ ಬಂತು, ಇನ್ನೊಬ್ಬನದು ಫಲದಿಂದ. ನನ್ನ ಒಂದು ಸಾಲಿನಲ್ಲಿ ನಾನು ಈ ಇಬ್ಬರನ್ನೂ ಒಂದು ಮಾಡಿಬಿಟ್ಟಿದ್ದೆ.

ಆ ಮಗಳ ನಾಲ್ಕು ಪುಟಗಳಿಗೆ ವಾಪಸ್ ಬರುತ್ತೇನೆ. ಎರಡನೇ ಸಲ ಓದಿದಾಗ ಗೊತ್ತಾಯಿತು, ಆ ಪದದ ಅರ್ಥ ಅಲ್ಲೇ, ಮುಂದಿನ ಪುಟದಲ್ಲೇ ಇತ್ತು ಎಂದು.

ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಅವರ ಅಪ್ಪ ಮಕ್ಕಳ ಹಳೇ ನೋಟ್‌ಬುಕ್ಕುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂರುತ್ತಿದ್ದರಂತೆ. ಬರೆಯದೆ ಉಳಿದ ಹಾಳೆಗಳನ್ನು ಹರಿಯದ ಹಾಗೆ, ಪಿನ್ನು ಬಿಚ್ಚಿ, ಹೊರಗೆ ತೆಗೆಯುವುದು. ಗೆರೆ ಇರುವ ಹಾಳೆ ಒಂದು ಕಡೆ, ಗೆರೆ ಇಲ್ಲದ್ದು ಇನ್ನೊಂದು ಕಡೆ. ಅಂಚು ಸಮ ಬರುವ ಹಾಗೆ ನೆಲಕ್ಕೆ ಕುಟ್ಟಿ ಕುಟ್ಟಿ ಜೋಡಿಸಿ, ದಬ್ಬಣದಿಂದ ಮೂರು ತೂತು ಮಾಡಿ, ದಪ್ಪ ದಾರ ಪೋಣಿಸಿ, ಗಂಟು ಒಳಗಡೆ ಬರುವ ಹಾಗೆ ಕಟ್ಟುತ್ತಿದ್ದರು. ಗಂಟು ಹೊರಗಿದ್ದರೆ ಬರೆಯುವಾಗ ಕೈಗೆ ತಗಲುತ್ತದೆ ಎಂದು. ಹಳೇ ರಟ್ಟಿನ ಡಬ್ಬ ಕತ್ತರಿಸಿ ಮೇಲೆ ಹೊದಿಕೆ. ಗೆರೆ ಇದ್ದದ್ದು ಲೆಕ್ಕ ಬರೆಯಲು, ಗೆರೆ ಇಲ್ಲದ್ದು ಚಿಕ್ಕವಳಿಗೆ ಚಿತ್ರ ಬಿಡಿಸಲು. ಅದೇ ಮನುಷ್ಯ, ಮಗಳು ದೊಡ್ಡ ಡಿಕ್ಷನರಿ ಬೇಕು ಎಂದಾಗ ಬೆಲೆ ಎಷ್ಟು ಎಂದು ಒಂದು ಮಾತೂ ಕೇಳದೆ ತಂದುಕೊಟ್ಟರು. ಪಕ್ಕದ ಮನೆ ಹುಡುಗನ ಕಾಲೇಜು ಫೀಸು ಕಟ್ಟಿ ಮನೆಯಲ್ಲಿ ಹೇಳಿಯೂ ಇರಲಿಲ್ಲ. ಆ ಹುಡುಗ ಬಂದು ಹೇಳಿದ್ದು ಅವರು ಹೋದಮೇಲೆ.

ಆ ದಾರದ ಗಂಟು ನನ್ನ ಕಣ್ಣ ಮುಂದೆ ಇನ್ನೂ ಇದೆ. ಜಿಪುಣನಾಗಿದ್ದರೆ ಹಾಳೆ ಕೂಡಿಡುತ್ತಿದ್ದ, ಅಟ್ಟದ ಮೇಲೆ ಕಟ್ಟು ಕಟ್ಟಾಗಿ ಬಿದ್ದಿರುತ್ತಿದ್ದವು. ಈ ಮನುಷ್ಯ ಹಾಳೆಯನ್ನು ಉಪಯೋಗಕ್ಕೆ ತಂದರು. ಬರೆಯುವವಳ ಕೈಗೆ ಗಂಟು ಚುಚ್ಚಬಾರದು ಎಂದೂ ನೋಡಿಕೊಂಡರು.

ಅಮೆರಿಕದ ಹಳೇ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ತಾನು ರೂಢಿಸಿಕೊಳ್ಳಬೇಕು ಎಂದು 13 ಗುಣಗಳ ಪಟ್ಟಿ ಮಾಡಿಕೊಂಡಿದ್ದ. ಅದರಲ್ಲಿ ಐದನೆಯದು ಫ್ರೂಗ್ಯಾಲಿಟಿ. ಅದಕ್ಕೆ ಅವನು ಕೊಟ್ಟ ವಿವರಣೆಯ ಸಾರ ಇಷ್ಟು: ಇತರರಿಗೋ ನಿನಗೋ ಒಳ್ಳೆಯದಾಗುವುದಕ್ಕಲ್ಲದೆ ಖರ್ಚು ಮಾಡಬೇಡ, ಅಂದರೆ ಏನನ್ನೂ ಹಾಳು ಮಾಡಬೇಡ. ಇತರರು ಮೊದಲು ಬರುತ್ತಾರೆ, ನೀನು ಆಮೇಲೆ. ಅಂದರೆ ಧಾರಾಳತನ ಆ ಪದದ ಒಳಗೇ ಇದೆ, ಹೊರಗಿನಿಂದ ‘ಆದರೂ’ ಹಾಕಿ ಸೇರಿಸಬೇಕಿಲ್ಲ. ಥಾಮಸ್ ಜೆಫರ್ಸನ್ 1801ರಲ್ಲಿ ಅಮೆರಿಕದ ಅಧ್ಯಕ್ಷನಾಗಿ ಮಾಡಿದ ಮೊದಲ ಭಾಷಣದಲ್ಲಿ ‘ವೈಸ್ ಅಂಡ್ ಫ್ರೂಗಲ್ ಗವರ್ನಮೆಂಟ್’ ಬೇಕು ಎನ್ನುತ್ತಾನೆ. ಇದನ್ನು ‘ವಿವೇಕಿಯಾದ, ಜಿಪುಣ ಸರ್ಕಾರ’ ಎಂದು ಅನುವಾದಿಸಿ ನೋಡಿ. ಎಷ್ಟು ಅಸಂಬದ್ಧ ಅಲ್ವಾ?

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಫ್ರೂಗಲ್ ಅನ್ನಲು ಆಯ್ಕೆ ಇರಬೇಕು. ಇರುವವನು, ಅಥವಾ ಸ್ವಲ್ಪವಾದರೂ ಇರುವವನು, ತಾನಾಗಿ ಹಿಡಿತದಲ್ಲಿ ಬದುಕಿದರೆ ಅದು ಫ್ರೂಗಲ್. ಏನೂ ಇಲ್ಲದೆ ಒಂದು ಹೊತ್ತು ಉಪವಾಸ ಮಲಗುವವರನ್ನು ‘ಫ್ರೂಗಲ್ ಜೀವನ ನಡೆಸುತ್ತಾರೆ’ ಎಂದು ಬರೆಯುವುದನ್ನು ನೋಡಿದ್ದೇನೆ. ನನಗೆ ಸಿಟ್ಟು ಬರುತ್ತದೆ. ಅವರು ಬಡತನದಲ್ಲಿದ್ದಾರೆ. ಅವರ ಹಸಿವಿಗೆ ಒಂದು ಸದ್ಗುಣದ ಹೆಸರು ಇಟ್ಟರೆ ಓದಿದವರಿಗೆ ಸಮಾಧಾನ ಆಗಬಹುದು, ಅವರಿಗೆ ಏನೂ ಆಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ, ಸರಿ. ಆದರೆ ಆ ಮಾತಿಗೂ ಒಂದು ಹಾಸಿಗೆ ಬೇಕು.

ಬಳಸುವ ರೀತಿ ಈಗ. ವ್ಯಕ್ತಿ, ಬದುಕು, ಅಭ್ಯಾಸ, ಊಟ ಇವುಗಳಿಗೆ ಫ್ರೂಗಲ್ ಚೆನ್ನಾಗಿ ಒಪ್ಪುತ್ತದೆ. ಫ್ರೂಗಲ್ ಮೀಲ್ ಅಂದರೆ ಆಡಂಬರ ಇಲ್ಲದ, ಸರಳವಾದ, ಸ್ವಲ್ಪವೇ ಇರುವ ಊಟ. ಇಲ್ಲಿ ಕನ್ನಡಕ್ಕೆ ‘ಮಿತವ್ಯಯದ ಊಟ’ ಎಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತದೆ, ‘ಸರಳ ಊಟ’ ಸಾಕು. ಬ್ರಿಟನ್ನಿನಲ್ಲಿ ಕಾರಿನ ಬಗ್ಗೆ ಬರೆಯುವವರು ಕಡಿಮೆ ಇಂಧನ ಕುಡಿಯುವ ಗಾಡಿಗೂ ಫ್ರೂಗಲ್ ಅನ್ನುತ್ತಾರೆ. ಬೆಲೆಗೆ ಮಾತ್ರ ಬಳಸಬೇಡಿ. ‘ಫ್ರೂಗಲ್ ಪ್ರೈಸ್’, ‘ಫ್ರೂಗಲ್ ಸ್ಯಾಲರಿ’ ಎಂದು ಬರೆದದ್ದು ತುಂಬಾ ಸಲ ತಿದ್ದಿದ್ದೇನೆ. ಬೆಲೆ ಕಡಿಮೆ ಇರುತ್ತದೆ, ಅಂದರೆ ಲೋ. ಸಂಬಳ ಸಾಲದೆ ಇರುತ್ತದೆ, ಅಂದರೆ ಮೀಗರ್. ಎರಡಕ್ಕೂ ಹಿಡಿತ ಮಾಡುವ ಮನಸ್ಸಿಲ್ಲ, ಅದಕ್ಕೇ ಅವು ಫ್ರೂಗಲ್ ಆಗಲಾರವು.

ಪಕ್ಕದಲ್ಲಿ ಬರುವ ಪುಟ್ಟ ಪದ ಈಗ ಹೆಚ್ಚಾಗಿ ‘ವಿತ್’. ಫ್ರೂಗಲ್ ವಿತ್ ಮನಿ, ಫ್ರೂಗಲ್ ವಿತ್ ವಾಟರ್. ಹಳೇ ಬರಹಗಳಲ್ಲಿ ‘ಆಫ್’ ಸಿಗುತ್ತದೆ. ದುಡ್ಡಿನ ಆಚೆಗೂ ಹೋಗಬಹುದು. ಹೊಗಳಿಕೆಯಲ್ಲಿ ಫ್ರೂಗಲ್ ಆದ ಮೇಷ್ಟ್ರು, ಪದಗಳಲ್ಲಿ ಫ್ರೂಗಲ್ ಆದ ಕವಿ. ಹೊಗಳಿಕೆಯ ವಿಷಯದಲ್ಲಿ ಸ್ವಲ್ಪ ಜೋಪಾನ, ಅಲ್ಲಿ ಸಣ್ಣ ದೂರಿನ ಧ್ವನಿಯೂ ಸೇರಿಕೊಳ್ಳಬಹುದು. ಕವಿಗೆ ಅಂದರೆ ಬಹುಮಟ್ಟಿಗೆ ಮೆಚ್ಚುಗೆಯೇ.

ಮಾತು ಮುಗಿದಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೇಳಿದಳು, “ಸರ್, ಎಲ್ಲಾ ಸರಿ, ಕನ್ನಡದಲ್ಲಿ ಒಂದು ಪದ ಹೇಳಿ ಅಂದ್ರೆ ಏನು ಹೇಳ್ಲಿ?” ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ.

ಡಿಕ್ಷನರಿಯ ಪದ ಮಿತವ್ಯಯಿ. ತಪ್ಪಿಲ್ಲ. ಆದರೆ ಅದರಲ್ಲಿ ಇರುವುದು ವ್ಯಯ, ಅಂದರೆ ಖರ್ಚು. ಖರ್ಚನ್ನು ಕಡಿಮೆ ಮಾಡಿದ ಎನ್ನುವವರೆಗೆ ಅದು ಬರುತ್ತದೆ, ಇದ್ದದ್ದನ್ನು ಪೂರ್ತಿ ಉಪಯೋಗಿಸಿದ ಎನ್ನುವ ಅರ್ಧ ಅದಕ್ಕೆ ಸಿಗುವುದಿಲ್ಲ. ಮೇಲಾಗಿ ಮನೆಯಲ್ಲಿ ಯಾರೂ ‘ನಮ್ಮಪ್ಪ ಮಿತವ್ಯಯಿ’ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ನಾನು ಆ ಸಾಲನ್ನು ಸರಿ ಮಾಡಲು ಕೂತಾಗ ಮೊದಲು ಇದನ್ನೇ ಬರೆದು ಹೊಡೆದುಹಾಕಿದೆ. ‘ಕೈ ಬಿಗಿ’ ಎಂದು ಬರೆದೆ, ಅದು ಮತ್ತೆ ಜಿಪುಣನ ಹತ್ತಿರಕ್ಕೇ ಹೋಯಿತು. ‘ಹಿಡಿತದ ಮನುಷ್ಯ’ ಎಂದೆ, ಸ್ವಲ್ಪ ವಾಸಿ, ಆದರೆ ಯಾವುದರಲ್ಲಿ ಹಿಡಿತ ಎಂಬ ಪ್ರಶ್ನೆ ಉಳಿಯಿತು. ಒಂದು ವಾರ ಹೀಗೇ ಹೋಯಿತು. ಕೊನೆಗೆ ಆ ಮಗಳಿಗೆ ಹೇಳಿ ಅವರ ಮನೆಗೇ ಹೋದೆ. ಅಮ್ಮನ ಹತ್ತಿರ ಕ್ಷಮೆ ಕೇಳಿದೆ. ಆಮೇಲೆ ಕೇಳಿದೆ, “ಅಮ್ಮಾ, ಅವರ ಬಗ್ಗೆ ನೀವು ಹೇಳೋದಾದ್ರೆ ಏನು ಹೇಳ್ತೀರಿ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅವರು ಏನನ್ನೂ ಹಾಳು ಮಾಡ್ತಿರ್ಲಿಲ್ಲಪ್ಪ. ಕೇಳಿದವರಿಗೆ ಇಲ್ಲ ಅಂತಾನೂ ಅಂತಿರ್ಲಿಲ್ಲ” ಎಂದರು.

ಇಂಗ್ಲಿಷ್ ಒಂದು ಗುಣವಾಚಕದಲ್ಲಿ ಇಟ್ಟದ್ದನ್ನು ಅವರು ಕ್ರಿಯಾಪದದಲ್ಲಿ ಇಟ್ಟರು. ನಾನು ಹೆಸರು ಹುಡುಕುತ್ತಾ ಕೂತಿದ್ದೆ, ಅವರು ಗಂಡ ಏನು ಮಾಡುತ್ತಿದ್ದರು ಎಂದು ಹೇಳಿದರು. ಆ ಹುಡುಗಿಗೂ ಇದನ್ನೇ ಹೇಳಿದೆ, ಕನ್ನಡದಲ್ಲಿ ಒಂದೇ ಪದ ಸಿಗದಿದ್ದಾಗ ಆ ಮನುಷ್ಯ ಏನು ಮಾಡುತ್ತಾನೆ ಎಂದು ಬರಿ ಎಂದು. ಪುಸ್ತಕದಲ್ಲಿ ಆ ಅಮ್ಮನ ಎರಡು ವಾಕ್ಯಗಳೇ, ನಡುವೆ ‘ಆದರೂ’ ಇಲ್ಲದೆ, ಹಾಗೇ ಅಚ್ಚಾಗಿವೆ.